ಸುಧಾಳಿಗೆ ಬಂದ ಕಾಗದಗಳು

(ಸಾನೆ ಗುರೂಜಿಯವರ ಪುಣ್ಯತಿಥಿಯ ನಿಮಿತ್ತ ಭಾತಂಬ್ರಾದಲ್ಲಿ ಮಾಡಿದ ಭಾಷಣ)



ಮಿರಗದ ಮಳೆ ಬಿದ್ದಿದೆ. ನಿಮ್ಮಲ್ಲಿ ಅರ್ಧ ಜನರ ಜೀವ ಹೊಲದಲ್ಲಿದೆಯೆಂದು ಬಲ್ಲೆ. ಬಿತ್ತಿಗೆಯ ಹೊತ್ತಿನಲ್ಲಿ ಸಭೆ ಕರೆಯುವುದು ತಪ್ಪೇ ಸರಿ. ಆದರೆ ಗುರೂಜಿಯವರ ಪುಣ್ಯತಿಥಿ ಜೂನ್ 11ಕ್ಕೇ ಬರುತ್ತದೆ, ಅದನ್ನು ಸುಗ್ಗಿಯ ಮೇಲೆ ಹಾಕಲು ಬರುವಂತಿಲ್ಲ. ಆದ್ದರಿಂದ ಬಹಳ ಹೊತ್ತು ಮಾತಾಡುವುದಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಭಾಷಣ ಮಾಡುವವರ ಈ ಮಾತನ್ನು ಯಾರೂ ನಂಬುವುದಿಲ್ಲ, ಅದನ್ನೂ ಬಲ್ಲೆ.

ಪಾಂಡುರಂಗ ಸದಾಶಿವ ಸಾನೆ ಎಂದರೆ 'ಶ್ಯಾಮಚಿ ಆಯಿ' ಬರೆದವರು ಎಂದು ಈ ಸೀಮೆಯ ಮನೆಮನೆಗೂ ಗೊತ್ತು. 1933ರ ಫೆಬ್ರುವರಿಯಲ್ಲಿ ನಾಸಿಕದ ತುರಂಗದಲ್ಲಿ ಕುಳಿತು, ಕೆಲವೇ ದಿನಗಳಲ್ಲಿ, ತಮ್ಮ ತಾಯಿಯ ನೆನಪುಗಳನ್ನು ರಾತ್ರಿಗೊಂದರಂತೆ ಹೇಳುವ ಕಥೆಗಳಾಗಿ ಬರೆದರು. 1935ರಲ್ಲಿ ಅದು ಅಚ್ಚಾಯಿತು. 1953ರಲ್ಲಿ ಆಚಾರ್ಯ ಅತ್ರೆಯವರು ಅದನ್ನು ಬೋಲಪಟ ಮಾಡಿದರು. ರಾಷ್ಟ್ರಪತಿಗಳ ಸುವರ್ಣ ಪದಕ ಮೊಟ್ಟಮೊದಲು ಸಿಕ್ಕಿದ್ದು ಆ ಚಿತ್ರಕ್ಕೇ. ಇದೆಲ್ಲ ನಿಮಗೆ ಗೊತ್ತಿದ್ದದ್ದೇ. ನಾನು ಇಂದು ಆ ಪುಸ್ತಕದ ವಿಷಯ ಮಾತಾಡಲು ಬಂದಿಲ್ಲ. ಅವರ ಕಾಗದಗಳ ವಿಷಯ ಮಾತಾಡಲು ಬಂದಿದ್ದೇನೆ.

ಗುರೂಜಿಯವರಿಗೆ ಸ್ವಂತ ಸಂಸಾರವಿರಲಿಲ್ಲ. ಅಣ್ಣತಮ್ಮಂದಿರ ಮಕ್ಕಳಲ್ಲಿ ಸುಧಾ ಎಂಬ ಹುಡುಗಿಯ ಮೇಲೆ ಅವರಿಗೆ ಬಹಳ ಮಾಯೆ. ಆ ಸಾಲೆಯ ಹುಡುಗಿಗೆ ತಮ್ಮ ಬದುಕಿನ ಕೊನೆಯ ದಿನಗಳಲ್ಲಿ ಒಂದರ ಹಿಂದೆ ಒಂದು ಕಾಗದ ಬರೆದರು. ಆ ಕಾಗದಗಳು ಅವರೇ ಹೊರಡಿಸುತ್ತಿದ್ದ 'ಸಾಧನಾ' ವಾರಪತ್ರಿಕೆಯಲ್ಲಿ ಬರುತ್ತ ಹೋದವು. ಆಮೇಲೆ ಕೂಡಿಸಿ 'ಸುಂದರ ಪತ್ರೇ' ಎಂದು ಪುಸ್ತಕ ಮಾಡಿದರು. ನಮ್ಮ ಕನ್ನಡದ ಕಿವಿಗೆ ಆ ಹೆಸರು ಶಿವನಿಗೆ ಏರಿಸುವ ಪತ್ರೆಯಂತೆ ಕೇಳುತ್ತದೆ. ನಾನು ಹುಡುಗನಾಗಿದ್ದಾಗ ಹಾಗೆಯೇ ತಿಳಿದುಕೊಂಡಿದ್ದೆ. ಚೆಂದದ ಕಾಗದಗಳು ಎಂದು ಅದರ ಅರ್ಥ.

ಆ ಪುಸ್ತಕ ನನ್ನ ಕೈಗೆ ಬಂದ ಬಗೆಯನ್ನು ಹೇಳದೆ ಮುಂದೆ ಹೋಗಲಾರೆ.

ನಮ್ಮ ದೊಡ್ಡವ್ವ ನಿಲಂಗಾ ಕಡೆಯವಳು. ಅವಳನ್ನು ನಮ್ಮ ಮನೆಗೆ ತಂದಾಗ ನಿಲಂಗಾ, ಉದಗೀರ, ಅಹಮದಪುರ ಎಲ್ಲವೂ ಬೀದರ ಜಿಲ್ಲೆಯವೇ ಆಗಿದ್ದವು. 1956ರ ನವೆಂಬರ್ 1ಕ್ಕೆ ಗೆರೆ ಎಳೆದರು. ಭಾಲ್ಕಿ, ಔರಾದ, ಹುಮನಾಬಾದ, ಬೀದರ ಮೈಸೂರಿಗೆ ಬಂದವು. ನಿಲಂಗಾ, ಉದಗೀರ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ. ಭಾಷೆಯ ಲೆಕ್ಕದಿಂದ ಅದು ಸರಿಯಾದ ಕೆಲಸವೇ, ನಾವು ಸಮಾಜವಾದಿಗಳು ಬೇಡಿದ್ದೂ ಅದನ್ನೇ. ಆದರೆ ದೊಡ್ಡವ್ವನ ತವರು ಒಂದು ರಾತ್ರಿಯಲ್ಲಿ ಪರರಾಜ್ಯವಾಯಿತು. ಅವಳಿಗೆ ಓದು ಬರಹ ಇರಲಿಲ್ಲ. ತವರಿಂದ ಬರುವ ಕಾರ್ಡು ಮರಾಠಿಯವು. ನಮ್ಮ ಅಜ್ಜ ನಿಜಾಮನ ಕಾಲದಲ್ಲಿ ಕಲಿತವನು, ಅವನಿಗೆ ಉರ್ದು ಒಂದೇ ಬರುತ್ತಿತ್ತು. ನಾನು ಸಾಲೆಯಲ್ಲಿ ಹಿಂದಿ ಕಲಿತಿದ್ದರಿಂದ ಬಾಳಬೋಧ ಅಕ್ಷರ ಕೂಡಿಸಿ ಓದುತ್ತಿದ್ದೆ. ಒಂದೇ ಮನೆ, ಮೂರು ಲಿಪಿ. ಹೀಗೆ ಹತ್ತು ಹನ್ನೊಂದು ವಯಸ್ಸಿಗೇ ನಾನು ಮನೆಯ ಟಪಾಲು ಮುನಶಿಯಾದೆ. ಓಣಿಯ ಇತರರೂ ಬಂದು ಕಟ್ಟೆಯ ಮೇಲೆ ಕುಳಿತು ಓದಿಸಿಕೊಂಡು ಹೋಗುತ್ತಿದ್ದರು.

ಈಗಿನ ಮಕ್ಕಳಿಗೆ ಇದು ತಿಳಿಯಲಿಕ್ಕಿಲ್ಲ. ಅರಿಶಿಣ ಹಚ್ಚಿದ ಕಾರ್ಡು ಬಂದರೆ ಲಗ್ನ. ಮೂಲೆ ಹರಿದ ಕಾರ್ಡು ಬಂದರೆ ಸಾವು. ಓದು ಬಾರದವರಿಗೂ ತಿಳಿಯಲೆಂದು ಹಿರಿಯರು ಮಾಡಿದ ಏರ್ಪಾಡು ಅದು. ಒಂದು ದಿನ ನಿಲಂಗಾದಿಂದ ಮೂಲೆ ಹರಿದ ಕಾರ್ಡು ಬಂತು. ದೊಡ್ಡವ್ವನ ತಾಯಿ ತೀರಿಕೊಂಡಿದ್ದಳು. ನನಗೆ ಬಾಯಿ ಬರಲಿಲ್ಲ. ಮೈಯಲ್ಲಿ ಹುಷಾರಿಲ್ಲವಂತೆ, ಬಂದು ಹೋಗೆಂದು ಬರೆದಿದ್ದಾರೆ ಎಂದು ಓದಿದೆ. ದೊಡ್ಡವ್ವ ಕಾರ್ಡು ಇಸಿದುಕೊಂಡಳು. "ಸುಳ್ಳ ಓದಬ್ಯಾಡ ಮಗಾ, ಮೂಲಿ ನೋಡೀನಿ ನಾ," ಎಂದಳು. ಆಮೇಲೆ ನನ್ನಿಂದಲೇ ಮತ್ತೆ ಮೊದಲಿನಿಂದ, ಇದ್ದದ್ದು ಇದ್ದ ಹಾಗೆ, ಓದಿಸಿದಳು.

ಅವಳ ತಮ್ಮ ರಾಷ್ಟ್ರ ಸೇವಾದಳದ ಹುಡುಗ. ಆ ವರುಷ ಅಕ್ಕನನ್ನು ನೋಡಲು ಬಂದವನು ಜೋಳಿಗೆಯಲ್ಲಿ 'ಸುಂದರ ಪತ್ರೇ' ತಂದು ನನಗೆ ಕೊಟ್ಟುಹೋದ. ಸಂಜೆ ರೊಟ್ಟಿ ಬಡಿಯುತ್ತ ಓದೆನ್ನುತ್ತಿದ್ದಳು ದೊಡ್ಡವ್ವ. ನಾಲ್ಕನೆಯದೋ ಐದನೆಯದೋ ಕಾಗದ ಮುಗಿದಾಗ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: "ಹೆಣ್ಣ ಕೂಸಿಗಿ ಇಷ್ಟ ದೊಡ್ಡ ಕಾಗದಾ? ನಮಗ ನಾಕ ಸಾಲ ಬಂದ್ರ ಹೆಚ್ಚ."

ಸಂಗಾತಿಗಳೇ, ಆ ಪುಸ್ತಕದ ಮೇಲೆ ಬಂದ ವಿಮರ್ಶೆ ಹಲವನ್ನು ಆಮೇಲೆ ಓದಿದ್ದೇನೆ. ಇಷ್ಟು ನೇರವಾಗಿ ಅದರ ಮರ್ಮವನ್ನು ಮುಟ್ಟಿದ ಮಾತು ಬೇರೆ ಕಂಡಿಲ್ಲ.

ನಮ್ಮ ಮನೆಗಳಲ್ಲಿ ಹೆಣ್ಣುಮಗುವಿಗೆ ಬರುವ ಕಾಗದದಲ್ಲಿ ಏನಿರುತ್ತಿತ್ತು? ಕ್ಷೇಮ, ಯಾರಿಗೆ ಗಂಡು ಹುಟ್ಟಿತು, ಅತ್ತೆಯ ಮಾತು ಮೀರಬೇಡ, ಪಂಚಮಿಗೆ ಕಳಿಸಿಕೊಡಲು ಹೇಳು. ಗುರೂಜಿ ಸುಧಾಳಿಗೆ ಹೂವಿನ ವಿಷಯ ಬರೆಯುತ್ತಾರೆ, ಹಕ್ಕಿಯ ವಿಷಯ, ಸಮುದ್ರದ ವಿಷಯ, ರಾತ್ರಿಯ ಆಕಾಶದ ವಿಷಯ. ಅದೇ ಕಾಗದದಲ್ಲಿ ದೇಶದ ಸುದ್ದಿ ಬರುತ್ತದೆ, ಹೊರದೇಶದ ಸುದ್ದಿ ಬರುತ್ತದೆ, ಸಂತರು ಬರುತ್ತಾರೆ, ಬಡವರ ಸಂಕಟ ಬರುತ್ತದೆ. ಇದು ಹುಡುಗಿಗೆ ತಿಳಿಯಲಾರದು ಎಂದು ಎಲ್ಲಿಯೂ ಕೈ ಬಿಗಿಹಿಡಿದಿಲ್ಲ. ಇದು ಹೆಣ್ಣಿಗೆ ಬೇಡದ್ದು ಎಂದು ಯಾವ ಬಾಗಿಲನ್ನೂ ಮುಚ್ಚಿಲ್ಲ. ಸ್ತ್ರೀಯರ ಸಮಾನತೆಯ ಬಗ್ಗೆ ನಾವು ಠರಾವು ಪಾಸು ಮಾಡುತ್ತೇವೆ. ಅವರು ಕಾಗದ ಬರೆದರು.

ಪಂಡಿತ ನೆಹರೂ ಅವರೂ ಮಗಳಿಗೆ ಕಾಗದ ಬರೆದವರೇ. 1928ರ ಬೇಸಗೆಯಲ್ಲಿ ಇಂದಿರೆ ಹತ್ತು ವಯಸ್ಸಿನ ಹುಡುಗಿ, ಮಸೂರಿಯಲ್ಲಿ ಇದ್ದಳು. ತಂದೆ ಕೆಳಗೆ ಬಯಲಿನಲ್ಲಿದ್ದುಕೊಂಡು ಭೂಮಿ ಹುಟ್ಟಿದ ಬಗೆ, ಮನುಷ್ಯ ಹುಟ್ಟಿದ ಬಗೆ, ಭಾಷೆಗಳು, ಜನಾಂಗಗಳು ಎಂದು ಕ್ರಮವಾಗಿ ಬರೆದರು. ಒಳ್ಳೆಯ ಕಾಗದಗಳು, ಇಂದಿಗೂ ಓದಬೇಕು. ಆದರೆ ಅವನ್ನು ಓದುವಾಗ ವಿದ್ವಾಂಸನಾದ ತಂದೆಯ ಎದುರು ಕೈಕಟ್ಟಿ ಕುಳಿತಂತೆ ಆಗುತ್ತದೆ. ಗುರೂಜಿಯವರಲ್ಲಿ ಅಂಥ ಕ್ರಮವಿಲ್ಲ. ಮಳೆಯಿಂದ ಹೊರಟವರು ಮಜೂರರ ಗುಡಿಸಲಿಗೆ ಬರುತ್ತಾರೆ, ಅಲ್ಲಿಂದ ಯಾವುದೋ ದೇಶದ ಕಥೆಗೆ ಹೋಗುತ್ತಾರೆ, ತಿರುಗಿ ತಾಯಿಯ ನೆನಪಿಗೆ ಬರುತ್ತಾರೆ. ಕಾಕಾನ ಹೆಗಲ ಮೇಲೆ ಕುಳಿತು ಜಾತ್ರೆ ನೋಡಿದ ಹಾಗೆ.

ಈ ಕಲೆ ಅವರಿಗೆ ಬಂದದ್ದು ಎಲ್ಲಿಂದ? ಅಮಳನೇರದ ಪ್ರತಾಪ ಹಾಯಸ್ಕೂಲಿನಿಂದ. 1924ರಿಂದ 1930ರ ವರೆಗೆ ಅವರು ಅಲ್ಲಿ ಮಾಸ್ತರರು, ವಸತಿಗೃಹದ ಪಾಲಕರು. ಬೆಳಿಗ್ಗೆ ಹುಡುಗರಿಗಿಂತ ಮೊದಲೆದ್ದು ಅವರ ಕೋಣೆ ಗುಡಿಸಿ, ಹಾಸಿಗೆ ಸುತ್ತಿಟ್ಟು, ಕೊಳೆಬಟ್ಟೆ ಒಗೆಯುತ್ತಿದ್ದರೆಂದು ಅವರ ಶಿಷ್ಯರು ಬರೆದಿಟ್ಟಿದ್ದಾರೆ. ಅದರೊಂದಿಗೆ 'ಛಾತ್ರಾಲಯ' ಎಂಬ ಕೈಬರಹದ ದೈನಿಕ. ತಾವೇ ಬರೆದು ಹುಡುಗರು ಓದಲೆಂದು ಇಡುವುದು. ದೇಶದ ಸುದ್ದಿ, ಮಹಾಪುರುಷರ ಮಾತು, ಯಾರು ಜಗಳಾಡಿದರು, ಯಾರು ಒಳ್ಳೆಯ ಕೆಲಸ ಮಾಡಿದರು. ಅದನ್ನು ದೈನಿಕ ಎನ್ನುವುದಕ್ಕಿಂತ ಹುಡುಗರಿಗೆಲ್ಲ ಕೂಡಿ ಬರೆದ ದಿನದ ಕಾಗದ ಎನ್ನಬೇಕು. 1930ರಲ್ಲಿ ನೌಕರಿ ಬಿಟ್ಟು ಕಾಯಿದೆಭಂಗಕ್ಕೆ ಇಳಿದರು. 1932ರಲ್ಲಿ ಧುಳೆಯ ತುರಂಗದಲ್ಲಿ ವಿನೋಬಾ ಪ್ರತಿ ಆದಿತ್ಯವಾರ ಗೀತೆಯ ಮೇಲೆ ಹೇಳಿದ್ದನ್ನು ಬರೆದುಕೊಂಡವರೂ ಇವರೇ. ಕನ್ನಡದಲ್ಲಿ ಮನೆಮನೆಗೂ ಹೋದ 'ಗೀತಾ ಪ್ರವಚನ' ಉಳಿದದ್ದು ಆ ಕೈಯಿಂದ. ಬೇರೆಯವರ ಮಾತನ್ನು ಅಷ್ಟು ನಿಷ್ಠೆಯಿಂದ ಬರೆದಿಟ್ಟ ಕೈಗೆ ತನ್ನ ಮಾತನ್ನು ಬರೆಯಲು ಎಷ್ಟು ಹೊತ್ತು?

ಇನ್ನೊಂದು ಪುಸ್ತಕವಿದೆ, 'ಶ್ಯಾಮಚಿ ಪತ್ರೇ'. ಅದು ವಸಂತನೆಂಬ ತರುಣನಿಗೆ ಬರೆದದ್ದು. ಅದರ ಧಾಟಿಯೇ ಬೇರೆ. ಸಮಾಜವಾದವೆಂದರೇನು, ಸೇವಾದಳಕ್ಕೆ ಏಕೆ ಬರಬೇಕು, ಧರ್ಮದ ಹೆಸರಿನಲ್ಲಿ ಹುಡುಗರನ್ನು ಕೂಡಿಸಿ ದ್ವೇಷ ಕಲಿಸುವವರ ಸಂಗ ಏಕೆ ಬೇಡ ಎಂದು ಬಿಡಿಸಿ ಬಿಡಿಸಿ ಹೇಳುತ್ತಾರೆ. ಪಕ್ಷದ ಕಾರ್ಯಕರ್ತರು ಇದನ್ನು ಮೊದಲು ಓದಬೇಕೆನ್ನುವವರಿದ್ದಾರೆ. ನನ್ನ ಅಭಿಪ್ರಾಯ ತಿರುವುಮುರುವು. ವಸಂತನ ಕಾಗದದಲ್ಲಿ ಗುರೂಜಿ ವಾದ ಮಾಡುತ್ತಾರೆ, ಸುಧಾಳ ಕಾಗದದಲ್ಲಿ ಬದುಕುತ್ತಾರೆ. ಮೊದಲನೆಯದನ್ನು ಓದಿ ಪಕ್ಷಕ್ಕೆ ಬಂದವರು ಇನ್ನೊಂದು ವಾದ ಸಿಕ್ಕಾಗ ಬಿಟ್ಟುಹೋದಾರು. ನಮ್ಮವರು 1952ರಲ್ಲಿ ಕೂಡಿದರು, 1955ರಲ್ಲಿ ಒಡೆದರು, 1964ರಲ್ಲಿ ಮತ್ತೆ ಕೂಡಿದರು, ಮತ್ತೆ ಒಡೆದರು. ಪ್ರತಿ ಸಲವೂ ವಾದ ಚೆನ್ನಾಗಿಯೇ ಇತ್ತು.

ದೋಷ ಹೇಳದೆ ಹೊಗಳುವುದು ನಮ್ಮ ಪತ್ರಿಕೆಯ ಪದ್ಧತಿಯಲ್ಲ. ಗುರೂಜಿ ಬಹಳ ಅಳುತ್ತಾರೆ. ಬರವಣಿಗೆಯಲ್ಲಿ ಕಣ್ಣೀರು ಹೆಚ್ಚಾಯಿತೆಂದು ಮರಾಠಿಯ ವಿಮರ್ಶಕರು ಅಂದಿನಿಂದಲೂ ಆಡಿಕೊಂಡಿದ್ದಾರೆ. ಅದು ಪೂರ್ತಿ ಸುಳ್ಳಲ್ಲ. ಸುಧಾಳ ಕಾಗದಗಳಲ್ಲಿಯೂ ಉಪದೇಶದ ಭಾರಕ್ಕೆ ಹುಡುಗಿಯೇ ಮರೆಯಾಗುವ ಪುಟಗಳಿವೆ. ಮತ್ತೆ, ನಮಗೆ ಸಿಗುವುದು ಕಾಕಾನ ಕಾಗದ ಮಾತ್ರ. ಅವಳು ಏನು ಬರೆದಳು, ಯಾವುದಕ್ಕೆ ನಕ್ಕಳು, ಯಾವುದು ಅವಳಿಗೆ ಬೇಸರ ತಂದಿತು ಎಂದು ಊಹಿಸಿಕೊಳ್ಳಬೇಕು. ಇನ್ನೊಂದು ಮಾತನ್ನು ವಾಚನಾಲಯದ ತರುಣರು ನಿನ್ನೆ ನನ್ನೊಡನೆ ಎತ್ತಿದ್ದರು: ವಾರಪತ್ರಿಕೆಯಲ್ಲಿ ಅಚ್ಚಾಗುವ ಕಾಗದ ಖಾಸಗಿ ಕಾಗದ ಹೇಗಾದೀತು? ಪ್ರಶ್ನೆ ಯೋಗ್ಯವಾದದ್ದು. ಸಾವಿರಾರು ಮಕ್ಕಳು ಓದುವರೆಂದು ಗೊತ್ತಿದ್ದೇ ಬರೆದದ್ದು ನಿಜ. ಆದರೆ ಸಾವಿರ ಮಕ್ಕಳಿಗೆ ಎಂದು ಬರೆದರೆ ಭಾಷಣವಾಗುತ್ತದೆ, ಈಗ ನಾನು ಮಾಡುತ್ತಿರುವ ಹಾಗೆ. ಒಂದು ಮಗುವಿನ ಮುಖ ಎದುರಿಗೆ ಇಟ್ಟುಕೊಂಡು ಬರೆದರೆ ಸಾವಿರ ಮಕ್ಕಳಿಗೂ ತನಗೇ ಬಂದಂತೆ ಅನ್ನಿಸುತ್ತದೆ. ಇಂಗ್ಲಂಡಿನ ಬಿಯಾಟ್ರಿಕ್ಸ್ ಪಾಟರ್ ಎಂಬ ಬಾಯಿ 1893ರಲ್ಲಿ ಜಡ್ಡಿನಲ್ಲಿ ಬಿದ್ದ ಒಬ್ಬ ಸಣ್ಣ ಹುಡುಗನಿಗೆ ಏನು ಬರೆಯಬೇಕೆಂದು ತೋಚದೆ ನಾಲ್ಕು ಮೊಲಗಳ ಕಥೆ ಬರೆದು ಚಿತ್ರ ತೆಗೆದು ಕಳಿಸಿದಳು. ಲೋಕದ ಮಕ್ಕಳೆಲ್ಲ ಬಲ್ಲ ಪೀಟರ್ ಮೊಲದ ಪುಸ್ತಕ ಆ ಕಾಗದದಿಂದ ಹುಟ್ಟಿತು.

ಈಗ ನಮ್ಮ ಸೀಮೆಗೆ ಹತ್ತಿದ ಮಾತಿಗೆ ಬರುತ್ತೇನೆ.

ಆ ಕಾಲ ಎಂಥದು ನೆನೆಸಿಕೊಳ್ಳಿರಿ. 1947ರ ಮೇ 1ರಂದು ಗುರೂಜಿ ಪಂಢರಪುರದಲ್ಲಿ ಉಪವಾಸ ಕುಳಿತರು. ವಿಠೋಬನ ಗುಡಿಯ ಬಾಗಿಲು ಹರಿಜನರಿಗೆ ತೆರೆಯಬೇಕೆಂದು. ಅದಕ್ಕೂ ಮೊದಲು ತಿಂಗಳುಗಟ್ಟಲೆ ಊರೂರು ತಿರುಗಿ ಜನರ ಮನಸ್ಸು ತಿರುಗಿಸಿದ್ದರು. ಹತ್ತು ದಿನಕ್ಕೆ ಗುಡಿಯವರು ಒಪ್ಪಿದರು. ಮುಂದಿನ ಜನವರಿಯಲ್ಲಿ ಗಾಂಧೀಜಿಯ ಕೊಲೆಯಾಯಿತು. ಕೊಂದವನು ತನ್ನ ಪ್ರಾಂತದವನೆಂದು ಪ್ರಾಯಶ್ಚಿತ್ತಕ್ಕೆ 21 ದಿನ ಮತ್ತೆ ಉಪವಾಸ. 1948ರ ಆಗಸ್ಟ್ 15ಕ್ಕೆ 'ಸಾಧನಾ' ಹೊರಟಿತು. ಅದೇ ತಿಂಗಳುಗಳಲ್ಲಿ ಇಲ್ಲಿ, ಈ ಭಾತಂಬ್ರಾದ ಕೋಟೆಯ ಸುತ್ತಲಿನ ಊರುಗಳಲ್ಲಿ, ಏನಾಗುತ್ತಿತ್ತೆಂದು ಕೂದಲು ಬೆಳ್ಳಗಾದವರು ಮನೆಯಲ್ಲಿ ಕೇಳಿದ್ದೀರಿ. ಮೊದಲು ರಜಾಕಾರರ ಹಾವಳಿ. ಸೆಪ್ಟೆಂಬರ್ 13ರಿಂದ 17ರ ವರೆಗೆ ಪೊಲೀಸ ಕಾರ್ಯಾಚರಣೆ. ಆ ಮೇಲೆ ಸೇಡಿನ ಹೆಸರಿನಲ್ಲಿ, ಯಾವ ತಪ್ಪೂ ಮಾಡದ ಮುಸಲ್ಮಾನ ನೆರೆಹೊರೆಯವರ ಮೇಲೆ ಬಿದ್ದ ಕೈಗಳು. ಪಂಡಿತ ಸುಂದರಲಾಲರ ಸಮಿತಿ ಬಂದು ವಿಚಾರಿಸಿ ಬರೆದ ವರದಿಯಲ್ಲಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ, ಕಲಬುರ್ಗಿ, ನಾಂದೇಡದೊಡನೆ ನಮ್ಮ ಬೀದರದ ಹೆಸರಿದೆ. ಆ ವರದಿಯನ್ನು ಸರಕಾರ ದಶಕಗಳ ಕಾಲ ಕಟ್ಟಿ ಇಟ್ಟಿತು. ಮೊದಲಿನ ಹಾವಳಿಯನ್ನು ನಾವು ವರುಷವರುಷ ಹೇಳುತ್ತೇವೆ, ಹೇಳಬೇಕು. ಎರಡನೆಯದನ್ನು ಮೂಲೆ ಹರಿಯದ ಕಾರ್ಡಿನ ಹಾಗೆ ಓದಿ ಮುಗಿಸುತ್ತೇವೆ.

ಗುರೂಜಿ ಅಂಥ ಗಾಳಿಯ ನಡುವೆ ಪೈಗಂಬರರ ಚರಿತ್ರೆ ಬರೆದಿಟ್ಟವರು, ಇಸ್ಲಾಮೀ ಸಂಸ್ಕೃತಿಯ ಮೇಲೆ ಪುಸ್ತಕ ಮಾಡಿದವರು. ಮಕ್ಕಳಿಗೆ ಹೂವು ನಕ್ಷತ್ರ ತೋರಿಸಿದ್ದು ಲೋಕದ ಕೊಳೆಯನ್ನು ಮರೆಸುವುದಕ್ಕಲ್ಲ.

ಅವರ ಇನ್ನೊಂದು ಕನಸು ಆಂತರಭಾರತಿ. 1930ರಲ್ಲಿ ಅವರನ್ನು ಧುಳೆಯಿಂದ ತಿರುಚಿನಾಪಳ್ಳಿಯ ತುರಂಗಕ್ಕೆ ಹಾಕಿದ್ದರು. ಅಲ್ಲಿ ದಕ್ಷಿಣದ ಬೇರೆಬೇರೆ ಭಾಷೆಯ ಸತ್ಯಾಗ್ರಹಿಗಳ ನಡುವೆ ಇದ್ದು, ನಾವು ಒಬ್ಬರ ಮಾತು ಒಬ್ಬರು ಅರಿಯೆವಲ್ಲ ಎಂದು ನೊಂದುಕೊಂಡರು. ನೊಂದುಕೊಂಡು ಸುಮ್ಮನಾಗಲಿಲ್ಲ, ತಮಿಳು ಕಲಿತು ತಿರುಕ್ಕುರಳನ್ನು ಮರಾಠಿಗೆ ತಂದರು. ಪ್ರತಿಯೊಂದು ಪ್ರಾಂತದವರು ನೆರೆಯ ಭಾಷೆಯನ್ನು ಪ್ರೀತಿಯಿಂದ ಕಲಿಯುವ ಒಂದು ಸಂಸ್ಥೆ ಆಗಬೇಕೆಂದು 1949ರ ಪುಣೆಯ ಸಾಹಿತ್ಯ ಸಮ್ಮೇಳನದಲ್ಲಿ ಮಾತು ಎತ್ತಿದರು, ಹಣ ಕೂಡಿಸಲು ಹೊರಟರು. ಅವರಿರುವಾಗ ಅದು ಕೈಗೂಡಲಿಲ್ಲ.

ಒಬ್ಬ ಮರಾಠಿ ಲೇಖಕನ ಪುಣ್ಯತಿಥಿಯನ್ನು ಕನ್ನಡ ನೆಲದಲ್ಲಿ ಏಕೆ ಮಾಡಬೇಕೆಂದು ಕೇಳುವವರಿಗೆ ನಾನು ದೊಡ್ಡವ್ವನ ಕಾರ್ಡುಗಳನ್ನು ತೋರಿಸುತ್ತೇನೆ. ಕನ್ನಡದ ಮೇಲಿನ ಅಭಿಮಾನದಲ್ಲಿ ನಾನು ಯಾರಿಗೂ ಕಡಿಮೆಯವನಲ್ಲ. ಪಂಜೆ ಮಂಗೇಶರಾಯರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದವರು, 1934ರಲ್ಲಿ ನಮ್ಮ ರಾಯಚೂರಿಗೆ, ನಿಜಾಮನ ಆಳ್ವಿಕೆಯ ನೆಲಕ್ಕೆ, ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಬಂದವರು. ಸಾಲೆಯಲ್ಲಿ ಕನ್ನಡಕ್ಕೆ ಜಾಗವಿಲ್ಲದ ಕಾಲದಲ್ಲಿ ಮಕ್ಕಳ ಪದ್ಯ ಬರೆದವರೊಬ್ಬರು ಇತ್ತ ಬಂದು ಆ ಪೀಠದಲ್ಲಿ ಕುಳಿತದ್ದು ಸಣ್ಣ ಮಾತಲ್ಲ. ಪಂಜೆಯವರನ್ನೂ ಓದಿರಿ, ರಾಜರತ್ನಂ ಅವರನ್ನೂ ಓದಿರಿ, ನಮ್ಮವರೇ ಆದ ಸಿದ್ಧಯ್ಯ ಪುರಾಣಿಕರನ್ನೂ ಓದಿರಿ. ಅವರನ್ನು ಓದಿದ ಮಗು ಸುಧಾಳ ಕಾಗದ ಓದಿದರೆ ಕನ್ನಡಕ್ಕೆ ಎಲ್ಲಿ ಕುಂದು?

ಕೊನೆಯದನ್ನೂ ಹೇಳಬೇಕು. ಹೇಳಬೇಡಿರೆಂದು ಸಭೆಗೆ ಮುಂಚೆ ಒಬ್ಬ ಹಿರಿಯರು ಸೂಚಿಸಿದರು, ಮಕ್ಕಳಿದ್ದಾರೆಂದು. ಅವರ ಮೇಲೆ ನನಗೆ ಗೌರವವಿದೆ. ಆದರೂ ಹೇಳುತ್ತೇನೆ. 1950ರ ಜೂನ್ 11ರಂದು ಗುರೂಜಿ ತಾವೇ ತಮ್ಮ ಜೀವ ಮುಗಿಸಿಕೊಂಡರು. ಆಗ ಅವರಿಗೆ ಐವತ್ತು ವಯಸ್ಸು. ಸುಧಾಳಿಗೆ ಕಾಗದ ಬರುವುದು ನಿಂತಿತು.

ದೇಶ ಸ್ವತಂತ್ರವಾದ ಮೇಲೂ ಬಡವರ ಗತಿ ಬದಲಾಗಲಿಲ್ಲವೆಂಬ ನೋವು ಕಾರಣವೆಂದು ನಮ್ಮ ಕಡೆಯ ಭಾಷಣಗಳಲ್ಲಿ ಹೇಳುತ್ತಾರೆ. ನಾನೂ ತರುಣನಾಗಿದ್ದಾಗ ಹಾಗೆಯೇ ಹೇಳಿದ್ದೇನೆ, ಚಪ್ಪಾಳೆ ಬಿದ್ದಿದೆ. ಇಂದು ಹಾಗೆ ಹೇಳಲಾರೆ. ಆ ಸಾವನ್ನು ಪಕ್ಷದ ಪ್ರಚಾರಕ್ಕೆ ಹಚ್ಚುವುದೂ ಬೇಡ, ಅದಕ್ಕೆ ಸಂತನ ಸಮಾಧಿಯ ಬಣ್ಣ ಬಳಿಯುವುದೂ ಬೇಡ. ಮನಸ್ಸಿಗೆ ಜಡ್ಡು ಬರುತ್ತದೆ, ಒಳ್ಳೆಯವರಿಗೂ ಬರುತ್ತದೆ, ಅದಕ್ಕೆ ಔಷಧವಿದೆ, ಜೊತೆಗೆ ಕುಳಿತುಕೊಳ್ಳುವ ಜನ ಬೇಕು. ಅಷ್ಟು ಮಕ್ಕಳ ಕಣ್ಣೀರು ಒರೆಸಿದ ಮನುಷ್ಯನ ಸುತ್ತ ನಮ್ಮ ಪಕ್ಷದವರು, ಸೇವಾದಳದವರು, ಪತ್ರಿಕೆಯವರು ಎಷ್ಟೋ ಜನರಿದ್ದರು. ಎಲ್ಲರೂ ಅವರಿಂದ ಧೈರ್ಯ ತೆಗೆದುಕೊಂಡು ಹೋಗಲು ಬಂದವರು.

ಇದನ್ನು ಈ ಊರಿನಲ್ಲಿ ಏಕೆ ಹೇಳುತ್ತೇನೆಂದು ನಿಮಗೆ ತಿಳಿಯದ್ದಲ್ಲ. 1997-98ರಲ್ಲಿ ತೊಗರಿಗೆ ಕೀಡೆ ಬಿದ್ದು ಕಲಬುರ್ಗಿ, ಬೀದರ ಸೀಮೆಯ ಎಷ್ಟು ಮನೆಗಳಲ್ಲಿ ಒಕ್ಕಲಿಗ ಸಾಲಕ್ಕೆ ಹೆದರಿ ಜೀವ ಕಳೆದುಕೊಂಡ. ಅಂದಿನಿಂದ ನಿಂತಿಲ್ಲ. ಸಾಲದ ವ್ಯವಸ್ಥೆ, ಬೆಲೆಯ ವ್ಯವಸ್ಥೆ ಬದಲಾಗಬೇಕೆಂದು ನಾವು ತಹಸೀಲ ಕಚೇರಿಯ ಮುಂದೆ ಕುಳಿತಿದ್ದೇವೆ, ಇನ್ನೂ ಕುಳಿತುಕೊಳ್ಳುತ್ತೇವೆ. ಆದರೆ ಕಚೇರಿಯ ಮುಂದೆ ಕುಳಿತಷ್ಟು ಹೊತ್ತು ಅಂಥ ಮನೆಯ ಕಟ್ಟೆಯ ಮೇಲೆ, ಸಾವಿಗಿಂತ ಮೊದಲು, ಕುಳಿತೆವೋ? ಆಮೇಲೆ ಹೋಗುತ್ತೇವೆ, ಹಾರ ಹಿಡಿದುಕೊಂಡು. ಆ ಮನೆಯ ಮಕ್ಕಳಿಗೆ ಅಪ್ಪ ಊರಿಗೆ ಹೋಗಿದ್ದಾನೆಂದು ಹೇಳುತ್ತೇವೆ. ಮಕ್ಕಳು ಮೂಲೆ ನೋಡಿರುತ್ತಾರೆ.

ಸುಧಾಳ ಕಾಗದಗಳನ್ನು 'ಸಾಧನಾ' ಅಚ್ಚು ಹಾಕಿತು, ಆದ್ದರಿಂದ ನಾವು ಇಂದು ಓದುತ್ತಿದ್ದೇವೆ. ಆ ವಾರಪತ್ರಿಕೆ ಪುಣೆಯಿಂದ ಇಂದಿಗೂ ಹೊರಡುತ್ತಿದೆ, 75 ವರುಷ ದಾಟಿತು. ನಮ್ಮ ಮನೆಗಳ ಕಾಗದಗಳೋ? ತೊಲೆಯ ಕೆಳಗಿನ ತಂತಿಗೆ ಚುಚ್ಚಿಟ್ಟ ಕಾರ್ಡುಗಳನ್ನು ಗೋಡೆಗೆ ಸುಣ್ಣ ಹಚ್ಚುವಾಗ ಒಲೆಗೆ ಹಾಕಿದೆವು. ದೊಡ್ಡವ್ವನ ಗಂಟಿನಲ್ಲಿ ಹದಿನಾರು ಕಾರ್ಡು ಉಳಿದಿದ್ದವು, ಆ ಮೂಲೆ ಹರಿದದ್ದೂ ಒಂದು. ಅವನ್ನು ಇಂದು ತಂದಿದ್ದೇನೆ. ಈ ವಾಚನಾಲಯದ ತರುಣರು ಒಂದು ತಗಡಿನ ಪೆಟ್ಟಿಗೆ ಇಟ್ಟಿದ್ದಾರೆ. ಇವು ಅದಕ್ಕೆ ಮೊದಲಿನವು. ನಿಮ್ಮ ಮನೆಯಲ್ಲಿ ಇದ್ದರೆ ಬಿತ್ತಿಗೆ ಮುಗಿದ ಮೇಲೆ ಹುಡುಕಿ ತನ್ನಿರಿ. ಕೊಡಲು ಮನಸ್ಸಾಗದಿದ್ದರೆ ಓದಿಸಿ ನಕಲು ಬರೆಯಿಸಿ ಒಯ್ಯಿರಿ. ಉರ್ದುವಿನ ಕಾಗದಗಳಿಗಾಗಿ ಒಬ್ಬ ನಿವೃತ್ತ ಮಾಸ್ತರ ಸಾಹೇಬರು ಪ್ರತಿ ಆದಿತ್ಯವಾರ ಬಂದು ಕುಳಿತುಕೊಳ್ಳಲು ಒಪ್ಪಿದ್ದಾರೆ. ಮೋಡಿ ಲಿಪಿಯವು ಬಂದರೆ ಉದಗೀರಕ್ಕೆ ಒಯ್ಯೋಣ.

ಏಳನೆಯ ಇಯತ್ತೆಯ ಇಬ್ಬರು ಹುಡುಗಿಯರು ಬಹಳ ಹೊತ್ತಿನಿಂದ ಪುಸ್ತಕ ಹಿಡಿದುಕೊಂಡು ಕಾಯುತ್ತಿದ್ದಾರೆ. ಒಬ್ಬಳು ಸುಧಾಳಿಗೆ ಬಂದ ಒಂದು ಕಾಗದವನ್ನು ಮರಾಠಿಯಲ್ಲಿ ಓದುವಳು, ಇನ್ನೊಬ್ಬಳು ಅದನ್ನು ತಾನೇ ಕನ್ನಡ ಮಾಡಿಕೊಂಡು ಬಂದಿದ್ದಾಳೆ. ಹೊರಗೆ ಮತ್ತೆ ಮಳೆ ಹಿಡಿಯುವ ಹಾಗಿದೆ. ಅವರು ಓದಲಿ, ನಾನು ಕೂಡುತ್ತೇನೆ.